ಗೊಗ್ಗಯ್ಯನ ದನಿ

ನಾಲ್ಕು ಸ್ಕ್ರೂಗಳನ್ನು ಬಿಚ್ಚಿ ಡಬ್ಬಿಯ ಮುಚ್ಚಳದಲ್ಲಿ ಹಾಕಿದ್ದೆ. ಹಾಕಿದ್ದೇನೆ ಎಂದೇ ತಿಳಿದಿದ್ದೆ. ಯಂತ್ರದ ಬೆನ್ನಿನ ಹೊದಿಕೆಯನ್ನು ಎತ್ತಿ ಪಕ್ಕಕ್ಕಿಟ್ಟು ಮತ್ತೆ ನೋಡಿದರೆ ಮುಚ್ಚಳದಲ್ಲಿ ಮೂರೇ ಇದ್ದವು.

ಮೇಜಿನ ಮೇಲೆಲ್ಲ ಹುಡುಕಿದೆ. ಬಗ್ಗಿ ನೆಲ ನೋಡಿದೆ. ಮಡಿಲು ಕೊಡವಿದೆ.

“ಏನೇ ಅದು, ಅಷ್ಟೊಂದು ತಡಕಾಡ್ತಾ ಇದೀಯ?” ಎಂದಳು ಎದುರಿಗೆ ಕೂತಿದ್ದ ಅಕ್ಕ.

“ಒಂದು ಸ್ಕ್ರೂ ಬಿದ್ದುಹೋಯ್ತು.”

“ಬಿದ್ದ ಸದ್ದೇ ಆಗ್ಲಿಲ್ವಲ್ಲ.” ಅಕ್ಕ ಬಲಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ಧೂಳು ಒರೆಸುವವಳ ಹಾಗೆ ನನ್ನ ಕಡೆಗೆ ಸವರಿಕೊಂಡು ಬಂದಳು. ನನ್ನ ಎಡ ಮೊಣಕೈಯಿಂದ ನಾಲ್ಕು ಬೆರಳು ದೂರದಲ್ಲಿ ಆ ಕೈ ನಿಂತಿತು. “ಇಲ್ಲೇ ಇದೆಯಲ್ಲೇ.”

ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ಇಪ್ಪತ್ತೆಂಟು ವರ್ಷಗಳಿಂದ ಕಾಣುವುದಿಲ್ಲ.

“ಇಲ್ಲಿ ಬೆಳಕು ಸಾಲ್ದು,” ಎಂದೆ.

ಅಕ್ಕ ಸ್ಕ್ರೂವನ್ನು ಮುಚ್ಚಳಕ್ಕೆ ಹಾಕಿದಳು. ಅದು ಟಿಣ್ ಎಂದಿತು. ಮೆಲ್ಲಗೆ, “ಬಿಸಿಲು ನನ್ನ ಕೈ ಮೇಲೇ ಇದೆ,” ಎಂದಳು.

ಭಾನುವಾರ, ಬೆಳಗಿನ ಹತ್ತು ಗಂಟೆ. ಕಿಟಕಿಯಿಂದ ಬಂದ ಬಿಸಿಲು ಮೇಜಿನ ಅರ್ಧವನ್ನು ತುಂಬಿಕೊಂಡಿತ್ತು. ನಾನು ಸ್ಕ್ರೂಡ್ರೈವರನ್ನು ಒರೆಸತೊಡಗಿದೆ. ಅದು ಮೊದಲೇ ಚೊಕ್ಕಟವಾಗಿತ್ತು.

ರಿಪೇರಿಗೆ ಬಂದಿದ್ದವನು ಗೊಗ್ಗಯ್ಯ. ಅಂದರೆ ಅಕ್ಕನ ಮಾತಾಡುವ ಕ್ಯಾಲ್ಕುಲೇಟರ್. ಅಂಗೈಗಿಂತ ಸ್ವಲ್ಪ ದೊಡ್ಡದು, ಅರ್ಧ ಇಟ್ಟಿಗೆಯಷ್ಟು ಭಾರ. ಕಣ್ಣಿಲ್ಲದವರಿಗೆಂದೇ ನಲವತ್ತು ವರ್ಷಗಳ ಹಿಂದೆ ಯಾರೋ ಮಾಡಿದ್ದು. ಗುಂಡಿ ಒತ್ತಿದರೆ ಆ ಅಂಕಿಯನ್ನು ಗಂಡಸಿನ ಗೊಗ್ಗರು ದನಿಯಲ್ಲಿ ಹೇಳುತ್ತದೆ. ಉತ್ತರವನ್ನೂ ಒಂದೊಂದೇ ಅಂಕಿಯಾಗಿ ಹೇಳುತ್ತದೆ. ಅದಕ್ಕೆ ಬರುವುದು ಒಟ್ಟು ಇಪ್ಪತ್ತನಾಲ್ಕು ಮಾತು. ಅಕ್ಕನಿಗೆ ಅದು ಸಿಕ್ಕಿದ ಮೊದಲ ದಿನ, ಹದಿನೇಳು ವರ್ಷದ ನಾನು ಬಾಗಿಲ ಹಿಂದಿನಿಂದ ಆ ದನಿ ಕೇಳಿ, ಮನೆಯೊಳಗೆ ಯಾರೋ ನುಗ್ಗಿದ್ದಾರೆಂದು ಹೆದರಿದ್ದೆ. ಮಕ್ಕಳನ್ನು ಹೆದರಿಸುವ ಗೊಗ್ಗಯ್ಯನ ಹೆಸರು ಅವತ್ತೇ ಅದಕ್ಕೆ ಅಂಟಿತು. ಆಮೇಲೆ ಅಕ್ಕ ಕುರುಡು ಮಕ್ಕಳ ಶಾಲೆಯಲ್ಲಿ ಗಣಿತದ ಟೀಚರಾದಳು. ಗೊಗ್ಗಯ್ಯ ಅವಳ ಬ್ಯಾಗಿನಲ್ಲಿ ದಿನವೂ ಶಾಲೆಗೆ ಹೋಗಿ ಬಂದ. ಈಗ ಫೋನುಗಳೂ ಮಾತಾಡುತ್ತವೆ ಎಂದರೆ ಅಕ್ಕ, “ಆ ಗಾಜಿನ ಮೇಲೆ ಗುಂಡಿ ಹುಡುಕೋದು ಅಂದ್ರೆ ತಟ್ಟೆ ಮೇಲೆ ಓಡೋ ಇರುವೆ ಹಿಡಿದ ಹಾಗೆ,” ಎನ್ನುತ್ತಾಳೆ.

ಬುಧವಾರ ಗೊಗ್ಗಯ್ಯ ಬಾಯಿ ಮುಚ್ಚಿದ್ದ. ಸ್ವಿಚ್ ಹಾಕಿದರೆ ಸದ್ದಿಲ್ಲ, ಸಣ್ಣ ಕೆಂಪು ಅಂಕಿಗಳೂ ಇಲ್ಲ.

“ಸೆಲ್ ತೆಗೆದಿಟ್ಟು ಬರೀ ಚಾರ್ಜರ್ ಸಿಕ್ಸಿಲ್ಲ ತಾನೇ?” ಎಂದು ಮೊದಲೇ ಕೇಳಿದ್ದೆ. ಆ ಕಾಲದ ಯಂತ್ರಗಳಲ್ಲಿ ಚಾರ್ಜರ್‌ನಿಂದ ಬರುವ ಒರಟು ವೋಲ್ಟೇಜನ್ನು ಹತೋಟಿಯಲ್ಲಿ ಇಡುವುದೇ ಸೆಲ್‌ಗಳು. ಅವು ಇಲ್ಲದಿದ್ದರೆ ಅದು ನೇರವಾಗಿ ದನಿಯ ಚಿಪ್‌ಗೆ ನುಗ್ಗುತ್ತದೆ. ಆ ಚಿಪ್ ಇನ್ನೆಲ್ಲೂ ಸಿಗುವುದಿಲ್ಲ. ಸತ್ತರೆ ಸತ್ತಂತೆ.

“ನಂಗೇನು ತಲೆ ಕೆಟ್ಟಿದ್ಯಾ? ನೀನೇ ತಾನೆ ಇಪ್ಪತ್ತು ವರ್ಷದಿಂದ ಅದೇ ಮಂತ್ರ ಹೇಳ್ತಾ ಇರೋಳು.”

ನಾನು ಆಸ್ಪತ್ರೆಯೊಂದರಲ್ಲಿ ಉಪಕರಣಗಳ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತೇನೆ. ಭೌತಶಾಸ್ತ್ರದಲ್ಲಿ ಪದವಿ, ಆಮೇಲೆ ಇಪ್ಪತ್ತೆರಡು ವರ್ಷ ಬೆಸುಗೆಯ ಹೊಗೆ. ಹೃದಯ ನೋಡುವ ಯಂತ್ರ, ರೋಗಿಯ ನರಕ್ಕೆ ಗಂಟೆಗೆ ಇಷ್ಟೇ ಹನಿ ಔಷಧಿ ಎಂದು ತಳ್ಳುವ ಪಂಪು, ಎಲ್ಲ ನನ್ನ ಮೇಜಿಗೆ ಬರುತ್ತವೆ. ರಿಪೇರಿ ಮುಗಿದ ಮೇಲೆ ಚೀಟಿಗೆ ಸಹಿ ಹಾಕಿದರೆ ಅವು ವಾರ್ಡಿಗೆ ಹೋಗುತ್ತವೆ. ಬೇರೆಯವರಿಗೆ ಕಾಣದ ಬಿರುಕು ನನಗೆ ಕಾಣುತ್ತದೆ ಎಂದು ಎಲ್ಲರೂ ನನ್ನನ್ನು ಹದ್ದಮ್ಮ ಎಂದು ಕರೆಯುತ್ತಾರೆ. ಕರೆದಾಗ ಒಳಗೊಳಗೇ ಹಿಗ್ಗುತ್ತೇನೆ.

ಇತ್ತೀಚೆಗೆ ಹದ್ದಮ್ಮ ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಂಡಿದ್ದಳು, ಎರಡು ಸಲ. ಮೇಜಿನ ಪಕ್ಕದಲ್ಲಿದ್ದ ಸ್ಪಿರಿಟ್ ಬಾಟಲಿ ಉರುಳಿಸಿದ್ದಳು. “ಹದ್ದಿಗೆ ವಯಸ್ಸಾಯ್ತು,” ಎಂದು ನಮ್ಮ ಮುಖ್ಯಸ್ಥರು ನಕ್ಕಿದ್ದರು. ನಾನೂ ನಕ್ಕಿದ್ದೆ.

ಹಳೆಯ ಸೆಲ್‌ಗಳು ಸೋರಿ ಬಿಳಿ ಉಪ್ಪು ಕಕ್ಕಿದ್ದವು. ಅವನ್ನು ತೆಗೆದು, ಗೂಡನ್ನು ಒರೆಸಿ, ನಾಲ್ಕು ಹೊಸ ಸೆಲ್‌ಗಳ ಕಟ್ಟು ಕೂರಿಸಿದೆ. ಸ್ವಿಚ್ ಹಾಕಿದೆ. ಏನೂ ಇಲ್ಲ.

“ಸುಮ್ನಿದಾನೆ,” ಎಂದಳು ಅಕ್ಕ.

“ಇರ್ಲಿ. ಕರೆಂಟು ಎಲ್ಲಿವರೆಗೆ ಬರ್ತಿದೆ ಅಂತ ನೋಡ್ತೀನಿ.”

ಮಲ್ಟಿಮೀಟರಿನ ಕಡ್ಡಿಗಳನ್ನು ಊರಿದೆ. ಸೆಲ್‌ಗಳ ತುದಿಯಲ್ಲಿ ಐದು ವೋಲ್ಟ್. ಸ್ವಿಚ್ಚಿನ ಆಚೆ ಐದು ವೋಲ್ಟ್. ಅಲ್ಲಿಂದ ತಾಮ್ರದ ಒಂದು ಗೆರೆ ಬೋರ್ಡಿನ ಮೇಲೆ ಹರಿದು ಒಂದು ಕಾಯಿಲಿಗೆ, ಅಂದರೆ ತಂತಿಯ ಸುರುಳಿಗೆ, ಹೋಗುತ್ತದೆ. ಕಾಯಿಲಿನ ಆಚೆಯ ಕಾಲಿನಲ್ಲಿ ಸೊನ್ನೆ; ಕಡಿದಿರುವುದು ಗೆರೆ, ಇಲ್ಲವೇ ಕಾಯಿಲು.

ಸೆಲ್ ಬಿಡಿಸಿ, ಭೂತಗನ್ನಡಿ ಎಳೆದುಕೊಂಡು ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ದೀಪದ ಕೆಳಗೆ, ಗಾಜಿನ ನಡುವೆ ಎಲ್ಲವೂ ನಿಚ್ಚಳವಾಗಿತ್ತು. ಹಾಗೆ ಕಂಡಾಗ ನನಗೆ ಧೈರ್ಯ ಬಂತು. ಇಷ್ಟು ಚೆನ್ನಾಗಿ ಕಾಣುತ್ತಿರುವ ಕಣ್ಣಿಗೆ ಏನಾಗಿದೆ ಎಂದುಕೊಂಡೆ.

ಧೈರ್ಯಕ್ಕೇ ಇರಬೇಕು, ಅಕ್ಕನಿಗೆ ಒಂದು ತಮಾಷೆ ಹೇಳಿದೆ. “ಮೂರು ತಿಂಗಳ ಹಿಂದೆ ನಮ್ಮ ಕಣ್ಣಿನ ವಿಭಾಗದ್ದು ಒಂದು ಯಂತ್ರ ಬಂದಿತ್ತು. ದೊಡ್ಡ ಬೋಗುಣಿ ಇರುತ್ತೆ, ಅದರೊಳಗೆ ಮುಖ ಇಟ್ಕೊಂಡು ಕೂರೋದು. ಅಲ್ಲಲ್ಲಿ ಚಿಕ್ಕ ದೀಪ ಮಿನುಗುತ್ತೆ, ಕಂಡಾಗ ಗುಂಡಿ ಒತ್ತೋದು. ಬೇರೆ ಏನೋ ಕೆಟ್ಟಿತ್ತು, ಸರಿ ಮಾಡಿದೆ. ಪರೀಕ್ಷೆಗೆ ಅಂತ ನಾನೇ ಕೂತೆ. ಅಂಚಿನ ದೀಪಗಳು ಒಂದೂ ಹತ್ತಲ್ಲ. ದೀಪದ ಪಟ್ಟೀನೇ ಬದಲಾಯಿಸಿದೆ. ಆಗ್ಲೂ ಹತ್ತಲ್ಲ. ತಲೆ ಕೆರ್ಕೊಂಡು ಕೂತಿದ್ರೆ ಆ ವಿಭಾಗದ ನರ್ಸ್ ಬಂದು ಕೂತು ನೋಡಿ, ‘ಎಲ್ಲಾ ಹತ್ತುತ್ತಲ್ಲ ಮೇಡಂ,’ ಅಂದ್ಲು. ನಾನು ಗಲ್ಲ ಸರಿಯಾಗಿ ಇಟ್ಟಿರ್ಲಿಲ್ಲ ಅನ್ಸುತ್ತೆ.”

ಅಕ್ಕ ನಗಲಿಲ್ಲ. “ಹೂಂ,” ಎಂದಳು. ಆ ‘ಹೂಂ’ ನನಗೆ ಇಷ್ಟವಾಗಲಿಲ್ಲ.

“ಗೆರೆ ಸರಿಯಾಗಿದೆ,” ಎಂದು ಮಾತು ತಿರುಗಿಸಿದೆ. “ಕಾಯಿಲೇ ಹೋಗಿರ್ಬೇಕು. ಬಿಚ್ಚಿ ತೆಗಿತೀನಿ.”

ಬೆಸುಗೆ ಕಡ್ಡಿ ಕಾಯಲಿಟ್ಟೆ. ನಲವತ್ತು ವರ್ಷದ ಬೋರ್ಡಿಗೆ ಶಾಖ ಹೆಚ್ಚಾದರೆ ತಾಮ್ರ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಆಮೇಲೆ ಅದನ್ನು ಕೂರಿಸುವವರು ಯಾರೂ ಇಲ್ಲ.

“ತಡಿ,” ಎಂದಳು ಅಕ್ಕ. “ಗೆರೆ ಪೂರ್ತಿ ನೋಡಿದ್ಯಾ?”

“ನೋಡಿದೆ ಅಂದ್ನಲ್ಲ.”

“ಮುಟ್ಟಿ ನೋಡಿದ್ಯಾ?”

“ಅಕ್ಕ, ಇದು ಹಪ್ಪಳ ಅಲ್ಲ, ಮುಟ್ಟಿ ಒಣಗಿದ್ಯಾ ಅಂತ ನೋಡೋಕೆ.”

“ಕೊಡು ಇಲ್ಲಿ. ಶುರು ಎಲ್ಲಿ ಅಂತ ತೋರ್ಸು.”

ಬೋರ್ಡನ್ನು ಅವಳ ಕೈಗೆ ಕೊಟ್ಟು, ತೋರುಬೆರಳಿನ ಉಗುರನ್ನು ಸ್ವಿಚ್ಚಿನ ಕಾಲಿನ ಮೇಲೆ ಇಟ್ಟೆ. ತಾಮ್ರದ ಗೆರೆ ಹಲಗೆಗಿಂತ ಕೂದಲಷ್ಟು ಎತ್ತರ ಇರುತ್ತದೆ. ಅಕ್ಕ ಉಸಿರು ಹಿಡಿದು, ಗದ್ದೆಯ ಬದುವಿನ ಮೇಲೆ ನಡೆಯುವವಳಂತೆ ಉಗುರನ್ನು ಸರಿಸುತ್ತ ಹೋದಳು. ಕಾಯಿಲಿನ ಕಡೆಗೆ ಹೋಗಬೇಕಾದ ಉಗುರು ಎಡಕ್ಕೆ ತಿರುಗಿ ಬೋರ್ಡಿನ ಮೂಲೆಗೆ ಹೋಯಿತು.

“ಅಲ್ಲಲ್ಲ, ಗೆರೆ ನೇರ ಹೋಗುತ್ತೆ,” ಎಂದೆ.

“ನೇರ ಹೋಗೋದು ಪಕ್ಕದ್ದು. ಇದು ಮೂಲೆ ಸುತ್ತಿ ಬರುತ್ತೆ.” ಉಗುರು ನಿಂತಿತು. “ಇಲ್ಲಿ ಉಪ್ಪು ಹರಳುಗಟ್ಟಿದೆ. ಗೆರೆ ಇಲ್ಲಿ ಮುಗಿಯುತ್ತೆ. ಆಮೇಲೆ… ಇಲ್ಲಿ ಮತ್ತೆ ಶುರು. ನಿನ್ನ ಕಡ್ಡಿ ಇಟ್ಟು ನೋಡು, ಕೂಗುತ್ತಾ ಅಂತ.”

ಗೆರೆ ಕೂಡಿದ್ದರೆ ಮೀಟರು ಕುಂಯ್ ಎನ್ನುತ್ತದೆ. ಅವಳ ಉಗುರಿನ ಎರಡೂ ಕಡೆ ಕಡ್ಡಿ ಇಟ್ಟೆ. ಮೀಟರು ಕೂಗಲಿಲ್ಲ.

ಬೋರ್ಡನ್ನು ತಿರುಗಿಸಿ ಆ ಮೂಲೆಯನ್ನು ಕಣ್ಣಿನ ನೇರಕ್ಕೆ ತಂದೆ. ಭೂತಗನ್ನಡಿಯೇ ಬೇಡವಾಗಿತ್ತು. ಸಾಸಿವೆ ಕಾಳಿನಷ್ಟು ಜಾಗದಲ್ಲಿ ತಾಮ್ರ ಹಸಿರಾಗಿ ತಿಂದುಹೋಗಿತ್ತು. ಅಷ್ಟು ದೊಡ್ಡದು. ಹೊಸದಾಗಿ ಸೇರಿದವರು ಕೂಡ ಬಾಗಿಲಿನಿಂದಲೇ ಕಂಡುಹಿಡಿಯುತ್ತಿದ್ದರು. ನಾನು ನಡುವೆ ಎಲ್ಲೋ ಒಂದು ಗೆರೆ ಬಿಟ್ಟು ಪಕ್ಕದ ಗೆರೆ ಹತ್ತಿಬಿಟ್ಟಿದ್ದೆ. ಮೂಲೆ ಇದೆ ಎಂಬುದೇ ನನಗೆ ತಿಳಿದಿರಲಿಲ್ಲ.

“ಕಣ್ತಪ್ಪು,” ಎಂದೆ.

“ಕಣ್ತಪ್ಪಿದ್ದೋ, ಕಣ್ಣೇ ತಪ್ಪಿದ್ದೋ?” ಎಂದಳು ಅಕ್ಕ.

ಅವಳಿಗೆ ಇಪ್ಪತ್ತೆರಡು ಆಗಿದ್ದಾಗ ಹೊಸಿಲ ಪಕ್ಕದ ನೀರಿನ ಕೊಡವನ್ನು ದಿನವೂ ಎಡವುತ್ತಿದ್ದಳು. “ಕಣ್ಣೇನು ನೆತ್ತಿ ಮೇಲಿದೆಯಾ?” ಎಂದು ಅಮ್ಮ ಬೈಯುತ್ತಿದ್ದಳು. ಅಕ್ಕ ಕೋಳಿಯ ಹಾಗೆ ತಲೆ ಆಡಿಸಿ ಆಡಿಸಿ ನೋಡುತ್ತಿದ್ದಳು. ಹದಿಮೂರು ವರ್ಷದ ನಾನು ಅದನ್ನು ನಟಿಸಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದೆ. ನಾಲ್ಕು ವರ್ಷದಲ್ಲಿ ನೋಟ ಸುತ್ತಲಿಂದ ಮುದುಡುತ್ತ ಬಂದು, ಕೊಳವೆಯಷ್ಟಾಗಿ, ಆಮೇಲೆ ಅದೂ ಮುಚ್ಚಿತು. ರೋಗ ಮನೆತನದ್ದು, ಅಪ್ಪ ಅಮ್ಮ ಇಬ್ಬರಲ್ಲೂ ಅಡಗಿ ಕೂತಿತ್ತು, ಒಂದೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ ಎಂದು ವೈದ್ಯರು ಹೇಳಿದ್ದರು. ಒಂದೇ ಮನೆಯಲ್ಲಿ ಒಬ್ಬರಿಗೆ ಬೇಗ, ಒಬ್ಬರಿಗೆ ತಡವಾಗಿ ಬರುವುದೂ ಉಂಟು, ವರ್ಷಕ್ಕೊಮ್ಮೆ ತೋರಿಸಿ ಎಂದಿದ್ದರು.

ಏಳು ವರ್ಷ ತೋರಿಸಿದೆ. ಆಮೇಲೆ ಬಿಟ್ಟೆ. ನಾಲ್ಕರಲ್ಲಿ ಒಂದು ಅಕ್ಕನಿಗೆ ಹೋಯಿತು, ಇನ್ನು ನನಗೆ ಉಳಿದಿರುವುದು ಮೂರು ಒಳ್ಳೆಯ ಪಾಲು ಎಂದು ಒಳಗೆ ಎಲ್ಲೋ ಲೆಕ್ಕ ಹಾಕಿಕೊಂಡಿದ್ದೆ. ಸಂಭವನೀಯತೆ ಹಾಗೆ ಪಾಳಿ ಹಚ್ಚಿ ಕೊಡುವುದಿಲ್ಲ ಎಂದು ಓದಿ ಪಾಸಾದವಳು ನಾನು. ಗೊತ್ತಿದ್ದೂ ನಂಬಿದ್ದೆ.

“ಎದ್ದು ನಿಲ್ಲೋದು ಬೇಡ, ಅಲ್ಲೇ ಕೂತಿರು,” ಎಂದು ಅಕ್ಕ ಮೇಜು ಸುತ್ತಿ ನನ್ನ ಬೆನ್ನ ಹಿಂದೆ ಬಂದು ನಿಂತಳು. ಎರಡೂ ಕೈಯ ಬಳೆಗಳನ್ನು ಕಳಚಿ ಮೇಜಿನ ಮೇಲಿಟ್ಟಳು.

“ಬಳೆ ಯಾಕೆ ತೆಗಿತೀಯ?”

“ಇಲ್ದಿದ್ರೆ ನೀನು ಕಿವಿಯಲ್ಲಿ ನೋಡ್ತೀಯ. ನಾನೂ ಡಾಕ್ಟ್ರಿಗೆ ಹಂಗೇ ಎರಡು ವರ್ಷ ಮೋಸ ಮಾಡಿದ್ದೆ. ನಿನ್ನ ಎದುರಿಗೆ ಗೋಡೆ ಮೇಲೆ ಏನಿದೆ?”

“ಕ್ಯಾಲೆಂಡರಿನ ಮೊಳೆ.”

“ಅದನ್ನೇ ನೋಡ್ತಾ ಇರು. ತಲೆ ತಿರುಗಿಸ್ಬೇಡ, ಕಣ್ಣೂ ತಿರುಗಿಸ್ಬೇಡ. ನಿನ್ನ ಕಿವಿ ಹಿಂದಿನಿಂದ ಎರಡೂ ಕೈ ಮುಂದೆ ತರ್ತೀನಿ, ಬೆರಳು ಆಡಿಸ್ತಾ. ಕಂಡ ಕೂಡ್ಲೇ ಹೇಳು. ಕಣ್ಣು ಚೆನ್ನಾಗಿದ್ದೋರಿಗೆ ಕಿವಿ ದಾಟಿ ಸ್ವಲ್ಪ ಮುಂದೆ ಬಂದ್ರೆ ಸಾಕು, ಕಾಣುತ್ತೆ.”

ಮೊಳೆಯನ್ನು ನೋಡುತ್ತ ಕೂತೆ. ಮೊಳೆ ಚೆನ್ನಾಗಿ ಕಾಣುತ್ತಿತ್ತು. ಅದರ ತಲೆಯ ಮೇಲಿನ ತುಕ್ಕು, ಕೆಳಗೆ ಸುಣ್ಣದಲ್ಲಿ ಎದ್ದ ಸಣ್ಣ ಬಿರುಕು, ಕ್ಯಾಲೆಂಡರಿನ ದಾರದ ಒಂದೊಂದು ಎಳೆ. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಅಕ್ಕ ಯಾಕೋ ತಡ ಮಾಡುತ್ತಿದ್ದಾಳೆ ಅನ್ನಿಸಿತು.

“ಶುರು ಮಾಡೇ ಅಕ್ಕ.”

ಅವಳ ಉಸಿರು ನನ್ನ ನೆತ್ತಿಗೆ ತಾಗುತ್ತಿತ್ತು.

“ಅಕ್ಕ, ಶುರು ಮಾಡು.”

“ಶುರು ಮಾಡಿ ಆಗ್ಲೇ ಬಹಳ ಹೊತ್ತಾಯ್ತು ಕಣೇ,” ಎಂದಳು.

ಆಗ ಮೊಳೆಯ ಎರಡೂ ಕಡೆಯಿಂದ, ಪರದೆ ಸರಿದ ಹಾಗೆ, ಅವಳ ಬೆರಳುಗಳು ಬಂದವು. ಅಲ್ಲಾಡುತ್ತಿದ್ದವು. ತೋಳುಗಳು ನನ್ನ ಮುಖದ ಮುಂದೆ ಹೆಚ್ಚುಕಡಿಮೆ ಜೋಡಿಸಿದಂತೆ ಚಾಚಿದ್ದವು.

“ಈಗ,” ಎಂದೆ.

ಅವಳು ತೋಳುಗಳನ್ನು ಹಾಗೇ ಹಿಡಿದುಕೊಂಡಳು. ಕೋನಮಾಪಕ ಇಲ್ಲದೆ ಮಕ್ಕಳಿಗೆ ಕೋನ ಕಲಿಸುವವಳು ಅವಳು, ತೋಳಿನಿಂದಲೇ ಅಳೆಯುತ್ತಾಳೆ. “ನಡುವಿನಿಂದ ಒಂದೊಂದು ಕಡೆಗೆ ಹದಿನೈದು ಡಿಗ್ರಿ,” ಎಂದಳು. “ತೊಂಬತ್ತು ಇರ್ಬೇಕಾಗಿತ್ತು.”

ಇನ್ನೊಂದು ಸಲ ಮಾಡು ಎಂದೆ. ಮಾಡಿದಳು. ಹದಿನೈದೇ. ಮೂರನೆಯ ಸಲ ಕೇಳಲಿಲ್ಲ. ಅಕ್ಕ ನನ್ನ ತಲೆಯನ್ನು ಅವಳ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ಎಷ್ಟು ಹೊತ್ತು ಹಾಗಿದ್ದೆವೋ, ಕಾದ ಬೆಸುಗೆ ಕಡ್ಡಿಯ ವಾಸನೆ ಮೂಗಿಗೆ ಬಡಿಯಿತು. ಅದರ ಜೊತೆಗೇ ಇನ್ನೊಂದು ಭಯ ಬಂತು. ಮೊದಲಿನದು ನನ್ನದು ಮಾತ್ರ. ಇದು ಹಾಗಿರಲಿಲ್ಲ.

“ಆ ಬೋಗುಣಿ ದೀಪಗಳು ಕೆಟ್ಟಿರ್ಲೇ ಇಲ್ಲ,” ಎಂದೆ.

“ಇಲ್ಲ,” ಎಂದಳು ಅಕ್ಕ. “ನೀನು ಹೇಳಿದ ಕೂಡ್ಲೇ ಗೊತ್ತಾಯ್ತು.”

“ಅಕ್ಕ, ಅವತ್ತಿನಿಂದ ನಾನು ಸಹಿ ಹಾಕಿದ್ದು ಎಲ್ಲಾ…”

ಅಂಗೈಯಗಲದ ಬೋರ್ಡಿನಲ್ಲಿ ಒಂದು ಮೂಲೆಯನ್ನು ಬಿಟ್ಟಿದ್ದೇನೆ. ಪಂಪುಗಳ ಬೋರ್ಡು ಇದರ ಮೂರರಷ್ಟು. ಎಷ್ಟು ಮೂಲೆಗಳು. ಶನಿವಾರ ಮೂರು ಪಂಪುಗಳಿಗೆ ಸಹಿ ಹಾಕಿ ಉಗ್ರಾಣಕ್ಕೆ ಕಳಿಸಿದ್ದೆ. ನಾಳೆ ಬೆಳಿಗ್ಗೆ ಅವು ವಾರ್ಡಿಗೆ ಹೋಗುತ್ತವೆ. ಹೋಗಿ ಯಾರದೋ ನರಕ್ಕೆ ಔಷಧಿ ತಳ್ಳುತ್ತವೆ.

ಫೋನು ಕೈಗೆತ್ತಿಕೊಂಡೆ, ಕೆಳಗಿಟ್ಟೆ. ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಸುಮ್ಮನಿದ್ದು ನಾಳೆ ಬೇಗ ಹೋಗಿ ಮೂರನ್ನೂ ನಾನೇ ಮತ್ತೊಮ್ಮೆ ನೋಡಿಬಿಡಬಹುದು. ನೋಡುವುದು ಯಾವ ಕಣ್ಣಿನಿಂದ ಎಂದು ಯೋಚಿಸಿ ಅಲ್ಲೇ ನಿಂತೆ.

“ಮೊದಲು ಇವನನ್ನ ಮುಗಿಸು,” ಎಂದಳು ಅಕ್ಕ. “ಅರ್ಧ ಬಿಚ್ಚಿಟ್ಟು ಏಳಬೇಡ.”

ಉಪ್ಪನ್ನು ಕೆರೆದೆ. ಕೂದಲಷ್ಟು ಸಣ್ಣ ತಂತಿಯನ್ನು ಕತ್ತರಿಸಿ ಕಡಿದ ಗೆರೆಯ ಮೇಲೆ ಅಡ್ಡ ಇಟ್ಟೆ. ಅಕ್ಕ ಬೋರ್ಡನ್ನು ಎರಡು ಕೈಯಲ್ಲಿ ಕಲ್ಲಿನಂತೆ ಹಿಡಿದುಕೊಂಡಳು. “ನನ್ನ ಬೆರಳು ಎಲ್ಲಿದೆ ನೋಡ್ಕೊಂಡು ಸುಡು ಮಾರಾಯ್ತಿ,” ಎಂದಳು. ಪ್ರತಿ ಸಲ ಕಡ್ಡಿ ಇಳಿಸುವ ಮೊದಲು ತಲೆಯನ್ನು ಎಡಕ್ಕೆ ತಿರುಗಿಸಿ ಅವಳ ಒಂದು ಹೆಬ್ಬೆರಳು, ಬಲಕ್ಕೆ ತಿರುಗಿಸಿ ಇನ್ನೊಂದು ಹೆಬ್ಬೆರಳು ನೋಡಿಕೊಂಡೆ. ಕೋಳಿಯ ಹಾಗೆ. ಎರಡು ಚುಕ್ಕೆ ಬೆಸುಗೆ ಬಿತ್ತು. ಕಡ್ಡಿ ಊರಿದೆ. ಮೀಟರು ಕುಂಯ್ ಎಂದಿತು.

ಸೆಲ್ ಕೂರಿಸಿ ಸ್ವಿಚ್ಚನ್ನು ತಳ್ಳಿದೆ. ಒಂದು ಕ್ಷಣ ಏನೂ ಇರಲಿಲ್ಲ. ಆಮೇಲೆ ಚರಪರ ಸದ್ದು, ಅದರೊಳಗಿನಿಂದ ಆ ಹಳೆಯ ಗೊಗ್ಗರು ದನಿ.

“ಸೊನ್ನೆ.”

ಅಕ್ಕ ಕಣ್ಣು ಒರೆಸಿಕೊಂಡು, “ಬಂದ್ಯಾ ಮಹರಾಯ,” ಎಂದಳು.

ಗೊಗ್ಗಯ್ಯನನ್ನು ಅವಳ ಕೈಗೆ ಕೊಟ್ಟು ಮುಖ್ಯಸ್ಥರಿಗೆ ಫೋನು ಹಚ್ಚಿದೆ. ಭಾನುವಾರದ ದನಿಯಲ್ಲಿ, ಅರ್ಧ ಆಕಳಿಕೆಯಲ್ಲಿ, “ಏನು ಹದ್ದಮ್ಮ, ರಜಾ ದಿನವೂ ಬಿಡಲ್ವಾ?” ಎಂದರು.

“ಸರ್, ನಿನ್ನೆಯ ಮೂರು ಪಂಪು ವಾರ್ಡಿಗೆ ಕಳಿಸ್ಬೇಡಿ.”

“ಯಾಕೆ? ನೀವೇ ಸಹಿ ಹಾಕಿದೀರಲ್ಲ.”

“ಅದಕ್ಕೇ ಸರ್. ನನ್ನ ಕಣ್ಣು ಸರಿಯಿಲ್ಲ. ಪಕ್ಕದ್ದು ಕಾಣಲ್ಲ. ಅಂಚು ಕಾಣಲ್ಲ.”

ಅವರು ನಗಲು ಶುರುಮಾಡಿ ನಿಲ್ಲಿಸಿದರು. ಆ ನಿಂತ ನಗುವನ್ನು ನಾನು ಮರೆಯಲಾರೆ. “ಯಾವಾಗಿಂದ?” ಎಂದರು.

“ಬೋಗುಣಿ ಯಂತ್ರ ಬಂದಿತ್ತಲ್ಲ, ಆ ವಾರದಿಂದಂತೂ ಖಂಡಿತ. ಅದಕ್ಕೂ ಮೊದಲೇ ಇರಬಹುದು.”

ಆಚೆ ಕಡೆ ಕುರ್ಚಿ ಎಳೆದ ಸದ್ದು. ಕಾಗದ ಹುಡುಕಿದ ಸದ್ದು. “ಆ ವಾರದಿಂದ ಅಂದ್ರೆ ಹದಿಮೂರು ವಾರ. ನಿಮ್ಮ ಮೇಜಿಂದ ವಾರಕ್ಕೆ ಎಷ್ಟು ಹೊರಗೆ ಹೋಗುತ್ತೆ?”

“ಆರು.”

ಸುಲಭದ ಗುಣಾಕಾರ. ಆದರೆ ನನ್ನ ತಲೆ ಓಡಲಿಲ್ಲ. ಅಥವಾ ಆ ಸಂಖ್ಯೆಯನ್ನು ನನ್ನ ಬಾಯಿಂದ ಹೇಳಲು ಆಗಲಿಲ್ಲ. ಪಕ್ಕದಲ್ಲಿ ಅಕ್ಕನ ಬೆರಳುಗಳು ಗುಂಡಿಗಳ ಮೇಲೆ ಆಗಲೇ ಓಡುತ್ತಿದ್ದವು. ಒಂದು. ಮೂರು. ಗುಣಿಸು. ಆರು. ಪ್ರತಿಯೊಂದನ್ನೂ ಗೊಗ್ಗಯ್ಯ ಅವಸರವಿಲ್ಲದೆ ಹೇಳಿದ. ಆಮೇಲೆ ಸ್ವಲ್ಪ ಸುಮ್ಮನಿದ್ದು, ಇಡೀ ಕೋಣೆಗೆ ಕೇಳುವಂತೆ,

“ಏಳು. ಎಂಟು.”

“ಯಾರದು ಪಕ್ಕದಲ್ಲಿ?” ಎಂದರು ಮುಖ್ಯಸ್ಥರು.

ನಾನು ಉತ್ತರಿಸಲು ಬಾಯಿ ತೆರೆದೆ. ಲೆಕ್ಕ ತಪ್ಪಿರಬಹುದೆಂಬಂತೆ ಅಕ್ಕ ಎಲ್ಲ ಅಳಿಸಿ, ಇನ್ನೊಮ್ಮೆ ಮೊದಲಿನಿಂದ ಒತ್ತತೊಡಗಿದಳು.